ಬಾಗಿಲ ಭಾನುವಾರ

ಏಪ್ರಿಲ್ ತಿಂಗಳಿಂದ ಓಡಿಯಲ್ ಪೋರ್ತಮನ್ ತನ್ನ ಮಗನ ಜತೆ ಮಾತು ಬಿಟ್ಟಿದ್ದ. ಒಂದೇ ಸೂರಿನಡಿ ಇದ್ದು, ಒಂದೇ ಮೇಜಿಗೆ ಕೂತು ಉಣ್ಣುವವರಿಗೆ ಮಾತು ಬಿಡುವುದು ಸುಲಭದ ಕೆಲಸವಲ್ಲ. ಮುದುಕ ಅದಕ್ಕೊಂದು ದಾರಿ ಕಂಡುಕೊಂಡಿದ್ದ. ಮಗನಿಗೆ ಹೇಳಬೇಕಾದ್ದನ್ನೆಲ್ಲ ಸೊಸೆಗೆ ಹೇಳುತ್ತಿದ್ದ.

"ತಿಲ್ಡೆ, ಉಪ್ಪು ಕೊಡೋಕೆ ಹೇಳು ಅವನಿಗೆ."

ಉಪ್ಪಿನ ಡಬ್ಬಿ ಮಗ ವಾನ್ನೆಸ್‌ನ ಮೊಣಕೈ ಪಕ್ಕದಲ್ಲೇ ಇರುತ್ತಿತ್ತು. ಅಪ್ಪ ಹೇಳಿದ್ದು ಅವನ ಕಿವಿಗೂ ಬಿದ್ದಿರುತ್ತಿತ್ತು. ಆದರೂ ತಿಲ್ಡೆ ಇನ್ನೊಂದು ಸಲ ಹೇಳುವ ತನಕ ಅವನು ಕೈ ಚಾಚುತ್ತಿರಲಿಲ್ಲ. ಹಟದಲ್ಲಿ ಅಪ್ಪ ಮಗ ಇಬ್ಬರೂ ಒಂದೇ ಅಚ್ಚು. ನಡುವೆ ಸಿಕ್ಕ ತಿಲ್ಡೆಗೆ ಮಾತ್ರ ಬಿಸಿ ಸೂಪು ಕುಡಿದ ನೆನಪೇ ಇರಲಿಲ್ಲ, ಈ ಕಡೆಯದು ಆ ಕಡೆಗೆ ಮುಟ್ಟಿಸುವಷ್ಟರಲ್ಲಿ ಅದು ಆರಿಹೋಗಿರುತ್ತಿತ್ತು.

ಆದದ್ದು ಇಷ್ಟು. ಆರ್ಡೆಲೆ ಊರಿನ ಹೊರಗೆ ಕಾಲುವೆಯ ಪಕ್ಕ ಒಂದು ಆಲೂಗಡ್ಡೆ ಫ್ಯಾಕ್ಟರಿ. ಊರಿನ ಅರ್ಧ ಜನ ಅಲ್ಲೇ ಆಲೂಗಡ್ಡೆ ಹೆಚ್ಚಿ, ಕರಿದು, ಹಿಮದಂತೆ ಗಟ್ಟಿ ಮಾಡಿ ಚೀಲಕ್ಕೆ ತುಂಬಿ ಬದುಕುತ್ತಿದ್ದರು. ವಾನ್ನೆಸ್ ಅಲ್ಲಿಯ ಗೇಟಿನ ಕಾವಲುಗಾರ. ಗಾಜಿನ ಗೂಡಿನಲ್ಲಿ ಕೂತು ಬಟನ್ ಒತ್ತಿದರೆ ಗೇಟು ತೆರೆಯುತ್ತದೆ, ಇನ್ನೊಂದು ಒತ್ತಿದರೆ ಮುಚ್ಚುತ್ತದೆ. ವಸಂತದಲ್ಲಿ ಕಂಪನಿಯವರು ಅರ್ಧ ಕೆಲಸವನ್ನು ಬೇರೆ ದೇಶಕ್ಕೆ ಸಾಗಿಸುತ್ತೇವೆ ಎಂದಾಗ ಕೆಲಸಗಾರರು ಗೇಟಿನ ಮುಂದೆ ಬೆಂಕಿ ಹಾಕಿಕೊಂಡು ವಾರಗಟ್ಟಲೆ ಧರಣಿ ಕೂತರು. ಒಳಗೆ ಮಾಲು ತುಂಬಿದ ಲಾರಿಗಳು ಸಾಲಾಗಿ ನಿಂತಿದ್ದವು. ಮಾಲು ಹೊರಗೆ ಹೋಗದಿದ್ದರೆ ಕಂಪನಿ ಬಗ್ಗಲೇಬೇಕಿತ್ತು. ಒಂದು ಮುಂಜಾನೆ ಮ್ಯಾನೇಜರ್ ಫೋನ್ ಮಾಡಿ ಗೇಟು ತೆಗಿ ಎಂದ. ವಾನ್ನೆಸ್ ತೆಗೆದ. ಪೊಲೀಸರ ನಡುವೆ ಲಾರಿಗಳು ಹೊರಟುಹೋದವು. ಮುಷ್ಕರ ಆ ವಾರವೇ ಮುರಿದುಬಿತ್ತು. ಕೆಲಸ ಹೋದವರಲ್ಲಿ ಪಕ್ಕದ ಮನೆಯ ಯೋಸಿಯಾನ್‌ಳ ಮಗ ಡ್ರೀಸ್ ಕೂಡ ಒಬ್ಬ.

ಓಡಿಯಲ್ ತನ್ನ ಕಾಲದಲ್ಲಿ ಇಟ್ಟಿಗೆ ಭಟ್ಟಿಯ ಸಂಘದ ಮುಂದಾಳು. ಮುಷ್ಕರದ ಚಳಿಯಲ್ಲಿ ನಿಂತೇ ಅವನ ಮಂಡಿ ಹೋದದ್ದು ಎಂದು ಮನೆಯಲ್ಲಿ ಹೇಳುತ್ತಿದ್ದರು. ಆ ದಿನ ವಾನ್ನೆಸ್ ಮನೆಗೆ ಬಂದಾಗ ಮುದುಕ ತಲೆಯೆತ್ತಿ ಅವನನ್ನು ನೋಡಿ, ಮತ್ತೆ ತಟ್ಟೆ ನೋಡಿದ. ಅಂದಿಗೆ ಮಾತು ಮುಗಿಯಿತು.

ಆಗಸ್ಟ್ ನಡುವೆ, ಚರ್ಚಿನ ಮರಿಯಮ್ಮನವರ ಹಬ್ಬದ ದಿನ ಮಧ್ಯಾಹ್ನದ ಊಟಕ್ಕೆ ಕೂತಿದ್ದಾಗ ಮುದುಕ ಚಾಕು ಕೆಳಗಿಟ್ಟ.

"ತಿಲ್ಡೆ, ಈ ಸಲ ನನ್ನ ಕೈಲಿ ನಡೆಯೋಕಾಗಲ್ಲ. ಮಂಡಿ ಕೈಕೊಟ್ಟಿದೆ. ಗೋಣಿ ಅಂಗಿ ಅವನು ಹಾಕ್ಕೋಬೇಕು ಅಂತ ಹೇಳು."

ಮೊಮ್ಮಗಳು ಫೆಮ್ಕೆ ಬಾಯಲ್ಲಿದ್ದ ತುತ್ತನ್ನು ಹಾಗೇ ಇಟ್ಟುಕೊಂಡು ಕೇಳಿದಳು. "ಅಪ್ಪನಾ? ಈ ವರ್ಷಾನಾ? ಅಜ್ಜ, ನಿಂಗೆ ತಲೆ ಸರಿ ಇದೆಯಾ?"

ಸೆಪ್ಟೆಂಬರಿನ ಎರಡನೇ ಭಾನುವಾರ ಆರ್ಡೆಲೆಗೆ ಬಾಗಿಲ ಭಾನುವಾರ. ನಾನೂರು ಚಿಲ್ಲರೆ ವರ್ಷದ ಹಿಂದೆ ಸ್ಪೇನಿನ ದಂಡು ಊರನ್ನು ಸುತ್ತಿಕೊಂಡು ಕೂತು, ಒಳಗಿನ ಜನ ಇಲಿ ಹೆಗ್ಗಣ ತಿನ್ನುವ ಹೊತ್ತಿಗೆ, ಕೋಟೆ ಬಾಗಿಲು ಕಾಯುತ್ತಿದ್ದ ಪೋರ್ತಮನ್ ಎಂಬವನು ಒಂದು ಗಾಡಿ ಬ್ರೆಡ್ಡಿನ ಆಸೆಗೆ ಬಾಗಿಲು ತೆಗೆದನಂತೆ. ಬ್ರೆಡ್ಡಿನ ಹಿಂದೆಯೇ ಕತ್ತಿಗಳೂ ಒಳಗೆ ಬಂದವು. ಅಂದಿನಿಂದ ಆ ಮನೆಯ ಗಂಡಸೊಬ್ಬ ವರ್ಷಕ್ಕೊಮ್ಮೆ ಗೋಣಿ ಅಂಗಿ ತೊಟ್ಟು, ಕೊರಳಿಗೆ ಕಬ್ಬಿಣದ ಕೀಲಿಕೈ ಹಾಕಿಕೊಂಡು, ಬರಿಗಾಲಲ್ಲಿ ಮೆರವಣಿಗೆಯ ಕೊನೆಯಲ್ಲಿ ನಡೆಯಬೇಕು. ಊರವರು "ಬಾಗಿಲು ತೆಗೆದವನೇ, ತಿನ್ನು!" ಎಂದು ಕೂಗುತ್ತ ಅವನಿಗೆ ಒಣ ಬ್ರೆಡ್ಡಿನಲ್ಲಿ ಹೊಡೆಯಬೇಕು. ಹಾಗೆ ಹೊಡೆಸಿಕೊಂಡು ಚೌಕಕ್ಕೆ ಬಂದವನಿಗೆ ಮೇಯರ್ ಒಂದು ದೊಡ್ಡ ಬ್ರೆಡ್ಡು ಕೊಟ್ಟು, "ಬಾಗಿಲು ಮುಚ್ಚಿದೆ. ನೀನು ಒಳಗಿದ್ದೀಯ" ಎನ್ನುತ್ತಾನೆ. ಸಂಜೆ ನೆರೆಹೊರೆಯವರು ಪೋರ್ತಮನ್ ಮನೆಗೆ ಬಂದು ಅದೇ ಬ್ರೆಡ್ಡಿನ ಒಂದೊಂದು ಹೋಳಿಗೆ ಉಪ್ಪು ಹಚ್ಚಿ ತಿಂದು, ಬಿಯರ್ ಕುಡಿದು, ನಗಾಡಿಕೊಂಡು ಹೋಗುತ್ತಾರೆ.

ತಿಲ್ಡೆ ಸಮುದ್ರದ ಕಡೆಯವಳು. ಮದುವೆಯಾಗಿ ಬಂದ ಹೊಸದರಲ್ಲಿ ಮಾವನಿಗೆ ಊರೆಲ್ಲ ಸೇರಿ ಬ್ರೆಡ್ಡು ಎಸೆಯುವುದನ್ನು ಕಂಡು ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಮನೆಗೆ ಬಂದ ಮಾವ ಮಾತ್ರ ಗಡ್ಡದಿಂದ ಚೂರುಗಳನ್ನು ಆರಿಸಿಕೊಳ್ಳುತ್ತ ನಗುತ್ತಿದ್ದ. ಆ ಬ್ರೆಡ್ಡು ತಾಗಿದರೂ ನೋಯುವುದಿಲ್ಲ. ಮರಿಯಮ್ಮನ ಹಬ್ಬದಿಂದ ಪ್ರತಿ ಮನೆಯ ಒಲೆಯ ಪಕ್ಕ ಒಂದು ಬಟ್ಟೆಚೀಲ ತೂಗುಹಾಕಿ ಒಣತುಂಡುಗಳನ್ನು ಕೂಡಿಡುತ್ತಾರೆ, ಹಿಂದಿನ ದಿನ ಅದನ್ನೆಲ್ಲ ಮಜ್ಜಿಗೆಯಲ್ಲಿ ನೆನೆಹಾಕುತ್ತಾರೆ. ಮೆತ್ತಗಾದ ತುಂಡು ಮೈಗೆ ತಾಗಿ ಪಚಕ್ಕೆಂದು ಬಿಳಿಯ ಗುರುತು ಬಿಟ್ಟು ಜಾರಿಬೀಳುತ್ತದೆ. ಅಷ್ಟೆ.

"ಮಾವ, ಈ ವರ್ಷ ಬೇಡ" ಎಂದಳು ತಿಲ್ಡೆ. "ಸಮಿತಿಯವರು ಬೇರೆ ಯಾರನ್ನಾದ್ರೂ ನೋಡ್ಕೊಳ್ಳಲಿ. ಊರಲ್ಲಿ ಬೇರೆ ಗಂಡಸರಿಲ್ವಾ?"

"ಇದ್ದಾರೆ. ಅವರ ಮನೇಲಿ ಯಾರೂ ಬಾಗಿಲು ತೆಗೀಲಿಲ್ಲ."

"ನಾನೂರು ವರ್ಷದ ಹಿಂದಿನ ಕಥೆ ಇದು!" ಎಂದಳು ಫೆಮ್ಕೆ. "ಅವನಾದ್ರೂ ಯಾಕೆ ತೆಗೆದ? ಹೊಟ್ಟೆಗಿಲ್ದೆ ತೆಗೆದ."

"ಹೌದಮ್ಮ. ಅವನು ಹಸಿದ ಮಕ್ಕಳ ಮುಖ ನೋಡಿ ತೆಗೆದ. ಇವನು ಯಾರ ಮುಖ ನೋಡಿ ತೆಗೆದ ಅಂತ ಕೇಳು ನಿಮ್ಮಮ್ಮನ್ನ."

ವಾನ್ನೆಸ್ ಆಲೂಗಡ್ಡೆಯನ್ನು ಚಮಚದಲ್ಲಿ ಕಿವುಚುತ್ತಲೇ ಇದ್ದ. "ನಿನ್ನ ಮುಖಾನೇ ನೋಡಿ ತೆಗೆದೆ ಅಪ್ಪ. ನಿಂದು, ಇವಳದು, ಫೆಮ್ಕೆದು. ನಾನು ತೆಗೀದೆ ಇದ್ದಿದ್ರೆ ಮಾರನೇ ದಿನ ಆ ಕುರ್ಚೀಲಿ ಇನ್ನೊಬ್ಬ ಕೂತು ತೆಗೀತಿದ್ದ."

"ಹಾಗಾದ್ರೆ ಆ ಇನ್ನೊಬ್ಬನೇ ತೆಗೀಬೇಕಿತ್ತು ಅಂತ ಹೇಳು ಅವನಿಗೆ" ಎಂದ ಮುದುಕ.

ತಿಲ್ಡೆ ಹೇಳಲಿಲ್ಲ. ತಟ್ಟೆಗಳನ್ನು ಒಂದರ ಮೇಲೊಂದು ಸದ್ದಾಗುವಂತೆ ಪೇರಿಸಿದಳು. "ಬೇಕಾದ್ರೆ ನೀವೇ ಹೇಳ್ಕೊಳ್ಳಿ. ನಂಗೆ ಸಾಕಾಗಿದೆ. ಇವನು ಆ ಅಂಗಿ ಹಾಕ್ಕೊಂಡು ಬೀದಿಗಿಳಿದ್ರೆ ಈ ಸಲ ಜನ ತಮಾಷೆಗೆ ಹೊಡಿಯಲ್ಲ, ನಿಜವಾಗ್ಲೂ ಹೊಡೀತಾರೆ. ಹೆತ್ತ ಮಗನ್ನ ಹೊಡೆಸೋದಕ್ಕೆ ಕಳಿಸ್ತೀರಾ?"

"ಹೋಗ್ತೀನಿ" ಎಂದ ವಾನ್ನೆಸ್.

"ಏನು?"

"ನಡೀತೀನಿ ಅಂದೆ. ಹೊಡೆದ್ರೆ ಹೊಡೀಲಿ. ಹೊಡೆದಾದ್ರೂ ಮುಗಿಸ್ಲಿ."

ಫೆಮ್ಕೆ ಕುರ್ಚಿ ತಳ್ಳಿಕೊಂಡು ಎದ್ದಳು. "ಆ ದಿನ ನಾನು ಗೆಂಟ್‌ನಲ್ಲಿರ್ತೀನಿ. ಯಾರ ಮನೇಲಾದ್ರೂ ಇರ್ತೀನಿ, ಇಲ್ಲಿ ಮಾತ್ರ ಇರಲ್ಲ."

ಪೋರ್ತಮನ್ ಮನೆಯ ಮೆಟ್ಟಿಲ ಪಕ್ಕದ ಗೋಡೆಯ ಮೇಲೆ ಗೋಣಿ ಅಂಗಿ ತೊಟ್ಟ ಗಂಡಸರ ಫೋಟೋಗಳು ಸಾಲಾಗಿವೆ. ಮುದುಕನ ಅಜ್ಜ, ಮುದುಕನ ಅಪ್ಪ, ಆಮೇಲೆ ವರ್ಷವರ್ಷವೂ ಬೆಳ್ಳಗಾಗುತ್ತ ಹೋದ ಮುದುಕ. ಅಪ್ಪನ ಫೋಟೋಗೂ ಅಜ್ಜನ ಫೋಟೋಗೂ ನಡುವೆ ಒಂದು ಮೊಳೆ ಮಾತ್ರ ಇದೆ. ಅದು ಓಡಿಯಲ್‌ನ ದೊಡ್ಡಪ್ಪ ಸಿರೀಲ್‌ನದು. ಮಹಾಯುದ್ಧ ಮುಗಿದ ವರ್ಷ ಒಂದೇ ಸಲ ನಡೆದು, ಕ್ರಿಸ್‌ಮಸ್ಸಿಗೆ ಮುಂಚೆಯೇ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಫ್ರಾನ್ಸಿಗೆ ಹೋದವನು ಮತ್ತೆ ಬರಲಿಲ್ಲ. ಯಾಕೆ ಎಂದು ತಿಲ್ಡೆ ಒಂದೆರಡು ಸಲ ಕೇಳಿ, ಉತ್ತರ ಬರದೆ ಬಿಟ್ಟಿದ್ದಳು.

ಮುಂದಿನ ವಾರಗಳಲ್ಲಿ ಮನೆ ಹಬ್ಬಕ್ಕೆ ಅಣಿಯಾಯಿತು. ಅಣಿಯಾಗುವುದು ಬಿಟ್ಟರೆ ಆ ಮನೆಯಲ್ಲಿ ಬೇರೇನೂ ನಡೆಯುತ್ತಲೂ ಇರಲಿಲ್ಲ. ಮುದುಕ ಒಲೆಯ ಮೇಲಿನ ಗೂಟದಿಂದ ಕೀಲಿಕೈ ಇಳಿಸಿ, ತೊಡೆಯ ಮೇಲೆ ಹಳೇ ಪೇಪರ್ ಹಾಸಿಕೊಂಡು, ಹಂದಿಯ ಕೊಬ್ಬು ಸವರಿ ಉಜ್ಜುತ್ತಿದ್ದ. ತಿಲ್ಡೆ ಗೋಣಿ ಅಂಗಿಯ ಹೊಲಿಗೆ ಬಿಚ್ಚಿ ಗಂಡನ ಅಳತೆಗೆ ಅಗಲ ಮಾಡಿದಳು. ವಾನ್ನೆಸ್ ಅಡುಗೆಮನೆಯ ನಡುವೆ ಕೈಯೆತ್ತಿ ನಿಂತಿದ್ದರೆ ಅವಳು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಸುತ್ತ ಓಡಾಡಿದಳು.

"ಭುಜದ ಹತ್ರ ಸಡಿಲ ಬಿಡು" ಎಂದ ಮುದುಕ ಮೂಲೆಯಿಂದ. "ಬಿಗಿಯಾದ್ರೆ ಕಂಕುಳು ಕಿತ್ತುಹೋಗುತ್ತೆ."

"ಅವನಿಗೇ ಹೇಳಿ."

"ಅಂಗಿಗೆ ಹೇಳ್ತಾ ಇದ್ದೀನಿ."

ವಾನ್ನೆಸ್‌ಗೆ ನಗು ಬಂತು. ಮುದುಕನ ಮೀಸೆಯೂ ಸ್ವಲ್ಪ ಅಲುಗಿತು. ತಿಲ್ಡೆ ಸೂಜಿ ಚುಚ್ಚುವುದನ್ನು ನಿಲ್ಲಿಸಿ ಕಾದಳು. ಮುದುಕ ಬಗ್ಗಿ ಕೀಲಿಕೈ ಉಜ್ಜತೊಡಗಿದ, ಆ ಗಳಿಗೆ ಹೋಯಿತು.

ಊರೂ ಅಣಿಯಾಗುತ್ತಿತ್ತು. ಕೋಟೆ ಬಾಗಿಲ ಕಮಾನಿಗೆ ಬಾವುಟ ಬಂತು. ಶಾಲೆಯ ಮಕ್ಕಳು ಹಸಿದವರ ವೇಷಕ್ಕೆಂದು ಕೆನ್ನೆಗೆ ಮಸಿ ಬಳಿದುಕೊಳ್ಳುವುದನ್ನು ಕಲಿಯುತ್ತಿದ್ದರು. ವಾನ್ನೆಸ್‌ನ ಸೈಕಲ್ಲಿನ ಗಾಳಿ ಮೂರು ಸಲ ಹೋಯಿತು. ಬೇಕರಿಯಲ್ಲಿ ತಿಲ್ಡೆ ಒಳಗೆ ಕಾಲಿಟ್ಟರೆ ಮಾತು ನಿಂತು, ತಕ್ಕಡಿಯ ಸದ್ದಷ್ಟೇ ಉಳಿಯುತ್ತಿತ್ತು. ಪಕ್ಕದ ಮನೆಯ ಯೋಸಿಯಾನ್, ಫೆಮ್ಕೆ ಹುಟ್ಟಿದಾಗ ತಿಂಗಳುಗಟ್ಟಲೆ ಸೂಪು ತಂದುಕೊಟ್ಟವಳು, ಈಗ ಬಟ್ಟೆ ಒಣಗಿಸುವಾಗ ಹಗ್ಗದ ಆ ಬದಿಗೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದಳು.

ಒಂದು ದಿನ ತಿಲ್ಡೆ ತಡೆಯಲಾರದೆ ಬೇಲಿಯ ಹತ್ತಿರ ಹೋದಳು. "ಯೋಸಿಯಾನ್, ಡ್ರೀಸ್‌ಗೆ ಏನಾದ್ರೂ ಸಿಕ್ತಾ?"

"ಏನು ಸಿಗ್ಬೇಕು?"

"ಕೆಲಸ."

"ನಿಮ್ಮನೆಯವರನ್ನೇ ಕೇಳು. ಗೇಟು ತೆಗೆಯೋ ಕೆಲಸ ಖಾಲಿ ಇದ್ರೆ ಹೇಳಲಿ." ಕ್ಲಿಪ್ಪುಗಳನ್ನು ಬುಟ್ಟಿಗೆ ಎಸೆದು ಅವಳು ಒಳಗೆ ಹೋದಳು. ತೆರೆದ ಬಾಗಿಲಿನಿಂದ ಒಳಗಿನ ಒಲೆ ಕಂಡಿತು. ಅದರ ಪಕ್ಕದ ಕೊಕ್ಕೆಯಲ್ಲಿ ಬಟ್ಟೆಚೀಲ ತೂಗುತ್ತಿತ್ತು. ಅಷ್ಟು ದೂರದಿಂದ ತುಂಬಿದೆಯೋ ಖಾಲಿಯೋ ಗೊತ್ತಾಗಲಿಲ್ಲ. ಚೀಲ ಇದೆಯಲ್ಲ ಎಂದು ತಿಲ್ಡೆಗೆ ಒಂದು ಬಗೆಯ ಸಮಾಧಾನ, ಇನ್ನೊಂದು ಬಗೆಯ ದಿಗಿಲು.

ತಿಲ್ಡೆ ಕೆಲಸ ಮಾಡುತ್ತಿದ್ದುದು ಚರ್ಚಿನ ಹಿಂದಿನ ಹಾಲಿನಂಗಡಿಯಲ್ಲಿ. ಬಾಗಿಲ ಭಾನುವಾರದ ಹಿಂದಿನ ಶನಿವಾರ ಅಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಜನ ಪಾತ್ರೆ, ಬಕೆಟ್ಟು, ಹೂದಾನಿಯನ್ನೂ ಹಿಡಿದುಕೊಂಡು ಮಜ್ಜಿಗೆಗೆ ಸಾಲು ನಿಲ್ಲುತ್ತಿದ್ದರು. ಈ ಸಲವೂ ಮಾಲಕಿ ಕ್ಯಾನುಗಟ್ಟಲೆ ತರಿಸಿಟ್ಟಿದ್ದಳು. ಬೆಳಿಗ್ಗೆ ಮೊಸರಿಗೆ ಒಬ್ಬರು ಬಂದರು, ಗಿಣ್ಣಿಗೆ ಇಬ್ಬರು ಬಂದರು. ಮಜ್ಜಿಗೆ ಎಂದು ಯಾರೂ ಬಾಯಿ ಬಿಡಲಿಲ್ಲ.

ಮಧ್ಯಾಹ್ನ ದಾಟಿದ ಮೇಲೆ ಮಾಲಕಿ ಕ್ಯಾನುಗಳನ್ನೂ ತಿಲ್ಡೆಯನ್ನೂ ನೋಡಿದಳು. "ಹಂದಿ ಸಾಕೋರಿಗೆ ಫೋನ್ ಮಾಡ್ತೀನಿ" ಎಂದಳು. "ನೀನು ಬೇಗ ಮನೆಗೆ ಹೋಗು. ಸ್ವಲ್ಪ ತಗೊಂಡು ಹೋಗು, ದುಡ್ಡು ಬೇಡ."

ತಿಲ್ಡೆ ಒಂದು ಬಾಟಲಿ ಮಜ್ಜಿಗೆ ಹಿಡಿದು ಹೊರಟಳು. ಯಾರೂ ನೆನೆಹಾಕುತ್ತಿಲ್ಲ. ಅಂದರೆ ಒಣದನ್ನೇ ಎಸೆಯುತ್ತಾರೆ. ತಿಂಗಳು ಒಣಗಿದ ಬ್ರೆಡ್ಡು ಇಟ್ಟಿಗೆಗಿಂತ ಏನೂ ಕಡಿಮೆಯಲ್ಲ. ಕಣ್ಣಿಗೆ ತಾಗಿದರೆ? ಹಣೆಗೆ? ದಾರಿಯುದ್ದಕ್ಕೂ ಅವಳಿಗೆ ಅದೊಂದೇ ಕಾಣುತ್ತಿತ್ತು. ಮನೆಗೆ ಬಂದವಳೇ ಹಳೇ ರಜಾಯಿ ಹರಿದು, ಹತ್ತಿಯನ್ನು ಮಡಿಸಿ, ಗೋಣಿ ಅಂಗಿಯ ಭುಜಕ್ಕೂ ಬೆನ್ನಿಗೂ ಒಳಗಿನಿಂದ ಹೊಲಿಯಲು ಕೂತಳು.

ಮುದುಕ ಒಳಗೆ ಬಂದು ನೋಡಿದ. "ಏನಿದು?"

"ಕಾಣಲ್ವಾ? ಒಬ್ಬರೂ ಮಜ್ಜಿಗೆ ಕೊಳ್ಳಲಿಲ್ಲ ಮಾವ. ಇಡೀ ದಿನ ಒಬ್ಬರೂ ಬರಲಿಲ್ಲ. ಕಲ್ಲಿನ ಹಾಗೆ ಒಣಗಿಸಿಟ್ಕೊಂಡು ಕಾಯ್ತಾ ಇದ್ದಾರೆ."

"ಒಬ್ಬರೂ ಬರಲಿಲ್ವಾ?"

"ಒಬ್ಬರೂ ಇಲ್ಲ."

"ಯೋಸಿಯಾನ್?"

"ಒಬ್ಬರೂ ಇಲ್ಲ ಅಂದೆನಲ್ಲ!"

ಮುದುಕ ಮೇಜನ್ನು ಹಿಡಿದುಕೊಂಡು ಕೂತ. ಆಮೇಲೆ ಕೈ ಚಾಚಿ ಅಂಗಿಯನ್ನು ಅವಳ ತೊಡೆಯಿಂದ ಎಳೆದುಕೊಂಡ. "ಈ ಹತ್ತಿ ತೆಗೆದುಹಾಕು. ಇದೆಲ್ಲ ಬೇಕಾಗಲ್ಲ."

ತಿಲ್ಡೆಗೆ ರೇಗಿಹೋಯಿತು. ಇಷ್ಟು ವರ್ಷ ಮಾವನೆದುರು ಎತ್ತದ ದನಿ ಎತ್ತಿದಳು. "ನೀವು ಮನುಷ್ಯರೇನಾ? ಅವನ ತಲೆ ಒಡೆದು ರಕ್ತ ಬಂದ್ರೇನೇ ನಿಮ್ಮ ಹೊಟ್ಟೆ ತಣ್ಣಗಾಗೋದಾ? ತಪ್ಪು ಮಾಡಿದ್ದಾನೆ, ಸರಿ. ಮಾಡಿದ್ದನ್ನ ಅವನೂ ಅನುಭವಿಸ್ತಾ ಇದ್ದಾನೆ. ನಿಮ್ಮ ಮಗ ಅಲ್ವಾ ಅವನು?"

"ನನ್ನ ಮಗನೇ. ಅದಕ್ಕೇ ಹೇಳಿದ್ದು." ಅವನ ದನಿ ಸಣ್ಣಗಾಗಿತ್ತು. "ಮಜ್ಜಿಗೆ ತಂದಿದ್ದೀಯಾ?"

"ಫ್ರಿಜ್ಜಲ್ಲಿದೆ. ಕುಡೀರಿ. ಹೊಟ್ಟೆ ತುಂಬ ಕುಡೀರಿ!"

ಅವನು ಕುಂಟುತ್ತ ಹೋದ. ತಿಲ್ಡೆ ಅಳುತ್ತಲೇ ಹತ್ತಿಯನ್ನು ಹೊಲಿದು ಮುಗಿಸಿದಳು. ಹಿತ್ತಲಿಂದ ಬಂದ ವಾನ್ನೆಸ್ ಅಂಗಿಯನ್ನು ಎತ್ತಿ ನೋಡಿ, ಚಾಕುವಿನ ತುದಿಯಿಂದ ಒಂದೊಂದೇ ಹೊಲಿಗೆ ಬಿಚ್ಚತೊಡಗಿದ. ಅಪ್ಪನ ಮಾತು ಅವನ ಕಿವಿಗೂ ಬಿದ್ದಿತ್ತು.

ಭಾನುವಾರ ಬಿಸಿಲಿತ್ತು. ಫೆಮ್ಕೆ ಮುಂಜಾನೆಯ ರೈಲಿಗೇ ಹೊರಟುಹೋಗಿದ್ದಳು. ತಿಲ್ಡೆಗೆ ಮನೆಯಲ್ಲಿ ಕೂರಲು ಆಗಲಿಲ್ಲ. ಮಾವನ ಜತೆ ಔಷಧಿ ಅಂಗಡಿಯ ಮುಂದೆ, ಬೀದಿ ಚೌಕಕ್ಕೆ ತಿರುಗುವಲ್ಲಿ ಬಂದು ನಿಂತಳು. ಮುದುಕ ಹಬ್ಬದ ಕೋಟು ಹಾಕಿದ್ದ, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಪೇಟೆಯ ಚೀಲ. ಅದರಲ್ಲಿ ಏನಿದೆ ಎಂದು ಅವಳು ಕೇಳಲಿಲ್ಲ. ಬೆಳಗಿನಿಂದ ಅವನ ಜತೆ ಅವಳೂ ಮಾತು ಬಿಟ್ಟಿದ್ದಳು.

ಡೋಲಿನವರು ಬಂದರು. ಕುದುರೆಗಳು ಬಂದವು. ಕೆನ್ನೆಗೆ ಮಸಿ ಬಳಿದ ಮಕ್ಕಳು ಹೊಟ್ಟೆ ಹಿಡಿದುಕೊಂಡು ನರಳುತ್ತ, ನಡುನಡುವೆ ಅಮ್ಮಂದಿರಿಗೆ ಕೈಬೀಸುತ್ತ ಹೋದರು. ಸ್ಪೇನಿನ ಸೈನಿಕರ ವೇಷದಲ್ಲಿ ಫುಟ್‌ಬಾಲ್ ಕ್ಲಬ್ಬಿನವರು ಬಂದಾಗ ಜನ ಎಂದಿನಂತೆ ಶಿಳ್ಳೆ ಹೊಡೆದರು, ನಕ್ಕರು. ತಿಲ್ಡೆ ಜನರ ಕೈಗಳನ್ನೇ ನೋಡುತ್ತಿದ್ದಳು. ಕೈಗಳು ಜೇಬಿನಲ್ಲಿದ್ದವು, ಎದೆಯ ಮೇಲೆ ಕಟ್ಟಿಕೊಂಡಿದ್ದವು, ಮಕ್ಕಳ ತಳ್ಳುಗಾಡಿ ಹಿಡಿದಿದ್ದವು. ಒಂದು ಕೈಯಲ್ಲೂ ಚೀಲವಿಲ್ಲ, ಬಟ್ಟಲಿಲ್ಲ. ಕಲ್ಲಿನಂಥ ಒಣತುಂಡೂ ಇರಲಿಲ್ಲ.

ಆಮೇಲೆ ವಾನ್ನೆಸ್ ಬಂದ.

ಬೀದಿಯುದ್ದಕ್ಕೂ ಸದ್ದು ಒಂದೊಂದೇ ಮನೆಯಾಗಿ ಅಡಗುತ್ತ ಬಂತು. ಅವನ ಬರಿಗಾಲು ಕಲ್ಲುಹಾಸಿಗೆ ತಾಗುವುದು ಕೇಳಿಸುತ್ತಿತ್ತು. ಕೀಲಿಕೈ ಎದೆಗೆ ಬಡಿಯುವುದು ಕೇಳಿಸುತ್ತಿತ್ತು. ಅವನು ಹತ್ತಿರವಾದಂತೆ ಜನ ಬೈಯಲಿಲ್ಲ, ಕೂಗಲಿಲ್ಲ, ಮೆಲ್ಲಗೆ ಬೆನ್ನು ತಿರುಗಿಸಿ ಅಂಗಡಿಗಳ ಗಾಜು ನೋಡತೊಡಗಿದರು. ಯೋಸಿಯಾನ್ ತಿರುಗಿದಳು. ಡ್ರೀಸ್ ತಿರುಗಿದ. ಎದುರುಬದಿಯಲ್ಲಿ ಒಂದು ಪುಟ್ಟ ಹುಡುಗಿ ತನ್ನ ತಿಂಡಿಯ ಬ್ರೆಡ್ಡನ್ನೇ ಎತ್ತಿಹಿಡಿದು "ಬಾಗಿಲು..." ಎಂದು ಶುರುಮಾಡಿದಳು. ಅವಳ ತಾಯಿ ಆ ಕೈಯನ್ನು ಹಿಡಿದು ಕೆಳಗಿಳಿಸಿದಳು.

ವಾನ್ನೆಸ್‌ನ ಅಂಗಿ ಹೊಚ್ಚ ಹೊಸದರ ಹಾಗಿತ್ತು. ಒಂದು ಗುರುತೂ ಇಲ್ಲ. ತಿಲ್ಡೆ ಅವನ ಮುಖ ನೋಡಿದಳು. ಒಂದು ಕಲ್ಲಾದರೂ ಎಸೆಯಿರಿ ಎಂದು ಊರವರನ್ನು ಬೇಡಿಕೊಳ್ಳುವ ಹಾಗಿತ್ತು ಆ ಮುಖ.

"ಯುದ್ಧದಲ್ಲಿ ಶತ್ರುಗಳಿಗೆ ಸಹಾಯ ಮಾಡಿದ ಅಂತ ಸಿರೀಲ್ ದೊಡ್ಡಪ್ಪನಿಗೂ ಹೀಗೇ ಮಾಡಿದ್ರು" ಎಂದ ಮುದುಕ ಪಕ್ಕದಲ್ಲಿ. "ಆಗ ನಾನು ಸಣ್ಣವನು. ನನ್ನ ಕೈಯಲ್ಲೂ ಬ್ರೆಡ್ಡಿತ್ತು. ಎಸೀಬೇಡ ಅಂತ ಅಪ್ಪನೇ ಕೈ ಹಿಡ್ಕೊಂಡ. ಅಂಗಿ ಮೇಲೆ ಗುರುತಿಲ್ದೆ ಇದ್ರೆ ಮೇಯರ್ ಬ್ರೆಡ್ಡು ಕೊಡೋ ಹಾಗಿಲ್ಲ. ಬ್ರೆಡ್ಡು ಸಿಗದೆ ಇದ್ದೋನು ಊರಲ್ಲಿ ಉಳಿಯೋ ಹಾಗಿಲ್ಲ."

ಕೋಲನ್ನು ಅವಳ ಕೈಗೆ ಕೊಟ್ಟು ಅವನು ಚೀಲಕ್ಕೆ ಕೈ ಹಾಕಿದ. ಒಳಗಿದ್ದುದು ತಿಲ್ಡೆಯದೇ ಊಟದ ಡಬ್ಬಿ. ಮುಚ್ಚಳ ತೆಗೆದಾಗ ಹುಳಿ ಮಜ್ಜಿಗೆಯ ವಾಸನೆ ಮೂಗಿಗೆ ಬಡಿಯಿತು. ಮುದುಕ ಕಾಲೆಳೆದುಕೊಂಡು ಬೀದಿಗಿಳಿದ. ಉಸಿರೆಳೆದುಕೊಂಡ. ಅವನ ಒಡಕು ದನಿ ಚೌಕದ ತನಕ ಕೇಳಿಸಿತು.

"ಬಾಗಿಲು ತೆಗೆದವನೇ, ತಿನ್ನು!"

ಮೊದಲನೆಯದು ದೂರ ಹೋಗದೆ ಕಲ್ಲಿನ ಮೇಲೆ ಪಚಕ್ಕೆಂದಿತು. ಎರಡನೆಯದು ವಾನ್ನೆಸ್‌ನ ಎದೆಗೆ, ಕೀಲಿಕೈ ಪಕ್ಕ ತಾಗಿತು. ಬಿಳಿಯ ಗುರುತೊಂದು ಮೂಡಿ ಕೆಳಗಿಳಿಯಿತು. ವಾನ್ನೆಸ್ ನಿಂತುಬಿಟ್ಟ. ಅಪ್ಪನನ್ನು ನೋಡಿದ. ಮುದುಕ ಅಳುತ್ತಿದ್ದ, ಕೋಪವೂ ಆ ಮುಖದಿಂದ ಹೋಗಿರಲಿಲ್ಲ. ಮೂರನೆಯದನ್ನು ಬೀಸಿದಾಗ ಅವನ ಮಂಡಿ ಕುಸಿಯಿತು. ತಿಲ್ಡೆ ಕೋಲು ಬಿಸುಟು ಒಂದು ಕೈಯಲ್ಲಿ ಅವನ ತೋಳು ಹಿಡಿದಳು, ಇನ್ನೊಂದು ಕೈಯನ್ನು ಡಬ್ಬಿಗೆ ಹಾಕಿ, ತಣ್ಣಗೆ ಮೆತ್ತಗಿದ್ದ ತುಂಡನ್ನು ತೆಗೆದು ತನ್ನ ಗಂಡನಿಗೆ ಬೀಸಿ ಹೊಡೆದಳು. ಅದು ಅವನ ಕಿವಿಗೆ ಬಿತ್ತು. ಆ ಏಪ್ರಿಲ್ ಮುಂಜಾನೆಯ ಸಿಟ್ಟು ತನ್ನೊಳಗೂ ಇತ್ತೆಂಬುದು ಅವಳಿಗೆ ಆಗಲೇ ಗೊತ್ತಾದದ್ದು. ಡಬ್ಬಿ ಖಾಲಿಯಾಗುವ ತನಕ ಇಬ್ಬರೂ ಹೊಡೆದರು. ಬೇರೆ ಯಾರೂ ಹೊಡೆಯಲಿಲ್ಲ.

ಚೌಕದಲ್ಲಿ ಸಮಿತಿಯವರು ಅಂಗಿಯನ್ನು ನೋಡಿ ತಲೆಗೆ ತಲೆ ಕೊಟ್ಟು ಪಿಸುಗುಟ್ಟಿದರು. "ಮನೆಯವರೇ ಹೊಡೆದಿದ್ದು ಲೆಕ್ಕಕ್ಕೆ ಬರುತ್ತಾ?" ಎಂದ ಒಬ್ಬ. "ಮನೆಯವರು ಹೊಡೀಬಾರದು ಅಂತ ಎಲ್ಲೂ ಇಲ್ವಲ್ಲ" ಎಂದ ಇನ್ನೊಬ್ಬ. ಮೇಯರ್ ಎರಡೂ ಕಡೆ ನೋಡಿ, ಬೆವರು ಒರೆಸಿಕೊಂಡು, ಬ್ರೆಡ್ಡನ್ನು ಕೈಗೆತ್ತಿಕೊಂಡ.

"ಬಾಗಿಲು ಮುಚ್ಚಿದೆ" ಎಂದ.

ಮೇಯರ್ ಕೆಮ್ಮಿದ. ಉಳಿದ ಮಾತನ್ನು ಹೇಳದೆ ಬ್ರೆಡ್ಡನ್ನು ವಾನ್ನೆಸ್‌ನ ಕೈಯಲ್ಲಿಟ್ಟು ಹಿಂದೆ ಸರಿದ. ಬ್ಯಾಂಡಿನವರು ಅವಸರದಿಂದ ಬಾರಿಸತೊಡಗಿದರು.

ಸಂಜೆ ತಿಲ್ಡೆ ಎಂದಿನಂತೆ ಮೇಜನ್ನು ಜೋಡಿಸಿದಳು. ಪಕ್ಕಕ್ಕೆ ಇನ್ನೊಂದು ಮೇಜು ಸೇರಿಸಿ, ಬಿಳೀ ಬಟ್ಟೆ ಹಾಸಿ, ಬೆಣ್ಣೆ, ಹಂದಿಯ ತೊಡೆ, ಈರುಳ್ಳಿ, ಉಪ್ಪು ಇಟ್ಟಳು. ಬಿಯರಿನ ಲೋಟಗಳನ್ನು ಒರೆಸಿ ಸಾಲಾಗಿ ಇಟ್ಟಳು. ಬೀದಿ ಬಾಗಿಲನ್ನು ತೆರೆದು ಕುರ್ಚಿಯೊಂದನ್ನು ಒತ್ತು ಕೊಟ್ಟಳು. ಬೀದಿಯಲ್ಲಿ ಹೆಜ್ಜೆ ಸದ್ದಾದಾಗಲೆಲ್ಲ ಮೂವರೂ ಬಾಗಿಲ ಕಡೆ ನೋಡುತ್ತಿದ್ದರು. ಹೆಜ್ಜೆಗಳು ಬಾಗಿಲ ಹತ್ತಿರ ಬಂದು, ಚುರುಕಾಗಿ, ದಾಟಿಹೋಗುತ್ತಿದ್ದವು. ಪಕ್ಕದ ಮನೆಯ ಕಿಟಕಿಯ ಪರದೆ ಒಮ್ಮೆ ಸರಿಯಿತು, ಆಮೇಲೆ ಕಿಟಕಿಯೇ ಮುಚ್ಚಿತು.

ಫೆಮ್ಕೆ ಬಂದಾಗ ಬೀದಿದೀಪ ಹತ್ತಿತ್ತು. ಬಾಗಿಲಲ್ಲೇ ನಿಂತು ಸಾಲು ಲೋಟಗಳನ್ನು ನೋಡಿದಳು, ಅಪ್ಪನ ಕಿವಿಯ ಹಿಂದೆ ಇನ್ನೂ ಅಂಟಿಕೊಂಡಿದ್ದ ಬಿಳಿಯ ಚೂರನ್ನು ನೋಡಿದಳು. ಬಂದು ಪಕ್ಕದಲ್ಲಿ ಕೂತು, ಆ ಚೂರನ್ನು ಉಗುರಿನಿಂದ ತೆಗೆದಳು.

ವಾನ್ನೆಸ್ ಬ್ರೆಡ್ಡು ಕೊಯ್ದು ಎಲ್ಲರ ಮುಂದೆ ಒಂದೊಂದು ಹೋಳು ಇಟ್ಟ. ಮುದುಕ ತನ್ನದನ್ನು ಕೈಗೆತ್ತಿಕೊಂಡ. ಮೇಜಿನ ಆ ತುದಿಗೆ ನೋಡಿದ. ತಿಲ್ಡೆ ಅಭ್ಯಾಸಬಲದಿಂದ ಕತ್ತು ತಿರುಗಿಸಿದಳು.

"ಉಪ್ಪು ಕೊಡು, ವಾನ್ನೆಸ್."

ವಾನ್ನೆಸ್ ಕೊಟ್ಟ. ಆಮೇಲೆ ನಾಲ್ವರೂ ತಿಂದರು. ಬ್ರೆಡ್ಡು ಇಡೀ ಓಣಿಗೆ ಸಾಕಾಗುವಷ್ಟು ದೊಡ್ಡದು, ಎಷ್ಟು ತಿಂದರೂ ಮುಕ್ಕಾಲು ಪಾಲು ಹಾಗೇ ಉಳಿಯಿತು.

ತಿಲ್ಡೆ ಲೋಟಗಳನ್ನು ಬಳಸದೆಯೇ ಕಪಾಟಿಗೆ ಸೇರಿಸಿದಳು. ಉಳಿದ ಬ್ರೆಡ್ಡನ್ನು ಹಲಗೆಯ ಮೇಲಿಟ್ಟು ತುಂಡು ಮಾಡತೊಡಗಿದಳು. ಒಲೆಯ ಪಕ್ಕದ ಕೊಕ್ಕೆಯಿಂದ ಬಟ್ಟೆಚೀಲ ಇಳಿಸಿ ಫೆಮ್ಕೆ ಬಾಯಿ ಅಗಲಿಸಿ ಹಿಡಿದಳು.

"ಮುಂದಿನ ವರ್ಷಾನೂ ನೀವಿಬ್ಬರೇ ಎಸೀತೀರಾ?" ಎಂದು ಕೇಳಿದಳು.

"ಮುಂದಿನ ವರ್ಷ ಮೂವರು. ನೀನೂ ಇರ್ತೀಯ" ಎಂದ ಮುದುಕ. ಸೊಸೆಯ ಕೈಯನ್ನೇ ನೋಡುತ್ತಿದ್ದವನು ಹೇಳಿದ, "ಅಷ್ಟು ದಪ್ಪ ಬೇಡ ತಿಲ್ಡೆ. ತೆಳ್ಳಗೆ ಕೊಯ್ಯಿ. ದಪ್ಪಗಿದ್ರೆ ಒಳಗೆ ನೆನೆಯಲ್ಲ, ಅವನಿಗೆ ನೋವಾಗುತ್ತೆ."